ಒಂದೇ ಕಡಲು, ಎರಡು ತೆರೆ

ಜಪಾನ್ ಮತ್ತು ಕೊರಿಯಾದ ಅರಮನೆ, ಕೋಟೆ, ರಣಭೂಮಿಗಳಿಗೆ ಪಯಣಿಸುವ ಮುನ್ನ ಅವುಗಳ ಇತಿಹಾಸವನ್ನು ಸಿನಿಮಾ ಮತ್ತು ಕಿರುತೆರೆಯಲ್ಲಿ ಕಾಣುವ ಸೊಗಸು

ಕ್ರಿ.ಶ. 1404. ಕೊರಿಯಾದ ದೊರೆ ತೇಜೊಂಗ್ ಜಿಂಕೆಯ ಬೆನ್ನಟ್ಟುತ್ತ ಕುದುರೆಯಿಂದ ಉರುಳಿಬಿದ್ದ. ಗಾಯವೇನೂ ಆಗಲಿಲ್ಲ. ಮೇಲೆದ್ದವನೇ ಸುತ್ತಮುತ್ತ ನೋಡಿ, ಈ ಸಂಗತಿ ಚರಿತ್ರಕಾರನ ಕಿವಿಗೆ ಬೀಳಕೂಡದೆಂದು ಪರಿವಾರಕ್ಕೆ ಅಪ್ಪಣೆ ಮಾಡಿದ. ಚರಿತ್ರಕಾರ ದೊರೆ ಬಿದ್ದದ್ದನ್ನೂ ಬರೆದ, ಬರೆಯಕೂಡದೆಂದ ಅಪ್ಪಣೆಯನ್ನೂ ಬರೆದ. ಆದ್ದರಿಂದಲೇ ಆರು ಶತಮಾನಗಳ ಬಳಿಕವೂ ಆ ರಾಜಮುಜುಗರ ಲೋಕವಿದಿತ.

ಜೋಸೊನ್ ರಾಜವಂಶದ ಈ ದಿನವಹಿ ಜಗತ್ತಿನ ಇತಿಹಾಸಲೇಖನ ಪರಂಪರೆಯಲ್ಲೇ ಒಂದು ವಿಸ್ಮಯ. ಆಸ್ಥಾನದ ಪ್ರತಿ ಸಮಾಲೋಚನೆಯಲ್ಲೂ ಲೇಖನಿ ಹಿಡಿದ ಚರಿತ್ರಕಾರನ ಉಪಸ್ಥಿತಿ ಕಡ್ಡಾಯ. ದೊರೆ ಗತಿಸಿದ ಮೇಲಷ್ಟೇ ಆತನ ಕಾಲದ ಗ್ರಂಥಸಂಕಲನ. ತನ್ನ ಬಗ್ಗೆ ಏನು ಬರೆದಿದ್ದಾರೆಂದು ಓದುವ ಅಧಿಕಾರ ಸಿಂಹಾಸನದಲ್ಲಿ ಕುಳಿತವನಿಗೂ ಇರಲಿಲ್ಲ. ಪ್ರತಿಗಳನ್ನು ನಾಲ್ಕು ಬೇರೆ ಬೇರೆ ಭಂಡಾರಗಳಲ್ಲಿ ಇರಿಸಿದ್ದರು. 1592ರ ಜಪಾನೀ ದಂಡಯಾತ್ರೆಯಲ್ಲಿ ಮೂರು ಭಸ್ಮವಾಗಿ, ಜೊಂಜುವಿನ ಒಂದೇ ಪ್ರತಿ ಉಳಿಯಿತು. 1392ರಿಂದ 1863ರವರೆಗಿನ ಇಪ್ಪತ್ತೈದು ದೊರೆಗಳ ಆ ವೃತ್ತಾಂತಕ್ಕೆ 1997ರಲ್ಲಿ ಯುನೆಸ್ಕೊ ಜಾಗತಿಕ ಸ್ಮೃತಿಪಟ್ಟಿಯ ಗೌರವ ಸಂದಿತು.

ಇಂದಿನ ಕೊರಿಯನ್ ಚಾರಿತ್ರಿಕ ಧಾರಾವಾಹಿಗಳ ಮೂಲಸೆಲೆ ಇದೇ ದಿನವಹಿ. ದೊರೆ ಜುಂಗ್‌ಜೊಂಗ್‌ನ ಕಾಲದ ಪುಟಗಳಲ್ಲಿ ಜಾಂಗ್‌ಗುಮ್ ಎಂಬ ವೈದ್ಯೆಯ ಹೆಸರು ಅಲ್ಲಲ್ಲಿ ಇಣುಕುತ್ತದೆ. 1544ರಲ್ಲಿ ಮರಣಶಯ್ಯೆಯಲ್ಲಿದ್ದ ದೊರೆ ತನ್ನ ವ್ಯಾಧಿಯ ಮರ್ಮ ಆ ವೈದ್ಯೆಗೆ ಗೊತ್ತೆಂದು ಹೇಳಿದ ಉಲ್ಲೇಖವೂ ಇದೆ. ಇಷ್ಟೇ ಬಂಡವಾಳದ ಮೇಲೆ ನಿರ್ದೇಶಕ ಲೀ ಬ್ಯುಂಗ್-ಹೂನ್ 2003ರಲ್ಲಿ 54 ಕಂತುಗಳ ‘ದೇ ಜಾಂಗ್ ಗುಮ್’ ಕಟ್ಟಿದರು. ಅದು ನಮ್ಮ ದೂರದರ್ಶನದಲ್ಲೂ ‘ಘರ್ ಕಾ ಚಿರಾಗ್’ ಎಂಬ ಹೆಸರಿನಲ್ಲಿ ಹಿಂದಿ ಮಾತಾಡುತ್ತ ಬಂದುಹೋಗಿದೆ. ಮೊದಲ ಭಾಗದ ಅಡುಗೆಮನೆಯ ಕಥೆಯೆಲ್ಲ ಕಲ್ಪಿತ. ಆದರೆ ಅಲ್ಲಿ ಸಿದ್ಧವಾಗುವ ಒಂದೊಂದು ಖಾದ್ಯವೂ ರಾಜಪಾಕಪರಂಪರೆಯ ವಿದ್ವಾಂಸೆ ಹಾನ್ ಬೊಕ್-ರ್‍ಯೊ ಅವರ ಮಾರ್ಗದರ್ಶನದಲ್ಲಿ ಆದದ್ದು. ಕಥೆ ಕಟ್ಟಿದ್ದು, ಬಡಿಸಿದ್ದು ನಿಜ! ಹಾಗೆಯೇ ಯೊನ್‌ಸಾನ್ ದೊರೆಯ ಕಾಲದ ಗೊಂಗ್-ಗಿಲ್ ಎಂಬ ವಿದೂಷಕನ ಪುಟ್ಟ ಪ್ರಸ್ತಾಪವೊಂದು ಬೆಳೆದು ‘ದಿ ಕಿಂಗ್ ಅಂಡ್ ದಿ ಕ್ಲೌನ್’ (2005) ಚಿತ್ರವಾಯಿತು. ಒಂದು ಕೋಟಿಗೂ ಹೆಚ್ಚು ಜನ ಚಿತ್ರಮಂದಿರದಲ್ಲಿ ಅದನ್ನು ನೋಡಿದರು.

ಕಡಲಿನ ಆಚೆ ದಡದಲ್ಲಿ ಇನ್ನೊಂದು ಬಗೆಯ ವೈಭವ. ಜಪಾನಿನ ಸಾರ್ವಜನಿಕ ವಾಹಿನಿ ಎನ್‌ಎಚ್‌ಕೆ 1963ರಿಂದ ಒಂದು ವ್ರತ ಹಿಡಿದಿದೆ: ಒಂದು ಚಾರಿತ್ರಿಕ ಕಥಾನಕ, ಇಡೀ ವರ್ಷ, ಪ್ರತಿ ಭಾನುವಾರ ರಾತ್ರಿ. ತೈಗಾ ಎಂದು ಹೆಸರಾದ ಈ ಮಾಲಿಕೆಯ ಮೊದಲ ನಾಯಕ ಈಯಿ ನಾವೊಸುಕೆ. ಪಾಶ್ಚಾತ್ಯರಿಗೆ ಬಂದರು ತೆರೆದ ಈ ಅಮಾತ್ಯ 1860ರಲ್ಲಿ ಎಡೊ ಕೋಟೆಯ ಹೆಬ್ಬಾಗಿಲ ಬಳಿ ಹಾಡಹಗಲೇ ಕತ್ತಿಗೆ ಬಲಿಯಾದವನು. 1987ರಲ್ಲಿ ಕೆನ್ ವತಾನಬೆ ಒಕ್ಕಣ್ಣಿನ ಸೇನಾನಿ ದಾತೆ ಮಸಮುನೆಯಾಗಿ ಮೆರೆದ ಮಾಲಿಕೆಯ ಸರಾಸರಿ ವೀಕ್ಷಕ ಪ್ರಮಾಣ ಶೇ 39.7, ಆ ದಾಖಲೆಯನ್ನು ಇಂದಿಗೂ ಯಾವ ತೈಗಾ ಮುರಿದಿಲ್ಲ. ತಮ್ಮೂರಿನ ವೀರನ ಮೇಲೆ ಮಾಲಿಕೆ ಬರಲಿ ಎಂದು ಪಟ್ಟಣಗಳು ವರ್ಷಗಟ್ಟಲೆ ಮನವಿ ಸಲ್ಲಿಸುತ್ತವೆ. ಬಂದ ವರ್ಷ ಅಲ್ಲಿ ಪ್ರದರ್ಶನಶಾಲೆ ಏಳುತ್ತದೆ, ರೈಲು ನಿಲ್ದಾಣದ ತುಂಬ ನಾಯಕನ ಚಿತ್ರ.

ತೈಗಾ ಎಂದರೆ ಕತ್ತಿ-ಕುದುರೆ ಮಾತ್ರವೆಂಬ ಭಾವನೆಯನ್ನು 2024ರ ‘ಹಿಕಾರು ಕಿಮಿ ಎ’ ಅಳಿಸಿತು. ಅದರ ನಾಯಕಿ ಸಾವಿರ ವರ್ಷಗಳ ಹಿಂದೆ ಗೆಂಜಿಯ ಮಹಾಕಥನ ರಚಿಸಿದ ಮುರಸಾಕಿ ಶಿಕಿಬು. ಅದನ್ನು ನೋಡಿದವರಿಗೆ ಕ್ಯೋಟೊ ನಗರ ಚಿನ್ನದ ಮಂಟಪದ ಮುಂದೆ ನಿಂತು ಚಿತ್ರ ತೆಗೆಸಿಕೊಳ್ಳುವ ಊರಾಗಿಯಷ್ಟೇ ಉಳಿಯದು. ಆ ಮಹಾಕಥನದ ಕೊನೆಯ ಅಧ್ಯಾಯಗಳು ನಡೆಯುವ ಉಜಿ, ಲೇಖಕಿ ತಂದೆಯೊಡನೆ ವಾಸವಿದ್ದ ಎಚಿಜೆನ್, ಕಥೆಗೆ ನಾಂದಿ ಹಾಡಿದಳೆಂದು ಐತಿಹ್ಯ ಹೇಳುವ ಇಶಿಯಾಮಾ ದೇವಾಲಯ ಎಲ್ಲವೂ ಪಯಣದ ನಕ್ಷೆಗೆ ಬರುತ್ತವೆ.

ಇನ್ನು ಅಕಿರಾ ಕುರೊಸಾವಾ. ಈ ಮಹಾನುಭಾವನನ್ನು ಬದಿಗಿಟ್ಟು ಜಪಾನಿನ ಮಧ್ಯಯುಗದ ಮಾತೆತ್ತುವುದೇ ಅಸಾಧ್ಯ. ಅವರ ಪ್ರಭಾವ ನಮ್ಮ ನೆಲಕ್ಕೂ ಹರಿದಿದೆ: ಗಿರೀಶ ಕಾರ್ನಾಡರ ‘ಒಂದಾನೊಂದು ಕಾಲದಲ್ಲಿ’ ಕುರೊಸಾವಾ ಅವರ ಸಮುರಾಯ್ ಚಿತ್ರಗಳ ಸ್ಫೂರ್ತಿಯಿಂದ ಮೂಡಿದ್ದು, ಶಂಕರನಾಗ್ ಚಿತ್ರಜೀವನ ಆರಂಭವಾದದ್ದೇ ಅಲ್ಲಿ, ‘ಉಳಿದವರು ಕಂಡಂತೆ’ಯ ಹಿಂದೆ ‘ರಾಶೊಮೊನ್’ ಇದೆ. ‘ಸೆವೆನ್ ಸಮುರಾಯ್’ (1954) ಚಿತ್ರದಲ್ಲೊಂದು ಚೇಷ್ಟೆಯ ಪ್ರಸಂಗ ಬರುತ್ತದೆ. ಕಿಕುಚಿಯೊ ಎಂಬ ಒರಟ ತಾನು ಕುಲೀನನೆಂದು ಸಾಧಿಸಲು ಕದ್ದ ವಂಶಾವಳಿಯೊಂದನ್ನು ಬಿಚ್ಚುತ್ತಾನೆ. ಅದರ ಪ್ರಕಾರ ಈ ಗಡ್ಡದ ದಾಂಡಿಗನಿಗೆ ಹದಿಮೂರು ವರ್ಷ! ಎಲ್ಲರೂ ಬಿದ್ದು ಬಿದ್ದು ನಗುತ್ತಾರೆ. ಆ ನಗೆಯಲ್ಲೇ ಕಥೆಯ ಕಾಲವೂ ಗೊತ್ತಾಗುತ್ತದೆ, ಏಕೆಂದರೆ ಸುರುಳಿಯಲ್ಲಿರುವ ಜನ್ಮವರ್ಷ 1574. ಅಂದರೆ ಕಥೆ ನಡೆಯುವುದು 1586-87ರ ಸುಮಾರಿಗೆ. ಮರುವರ್ಷ, 1588ರಲ್ಲಿ, ದೇಶದ ಅಧಿಪತಿ ಹಿದೆಯೊಶಿ ರೈತರ ಮನೆಮನೆಯಿಂದ ಕತ್ತಿ-ಈಟಿಗಳನ್ನು ಕಿತ್ತುಕೊಳ್ಳುವ ಶಾಸನ ಹೊರಡಿಸಿದ. ರೈತನು ಯೋಧನಾಗುವ ದಾರಿ ಅಲ್ಲಿಗೆ ಮುಚ್ಚಿತು. ಕಿಕುಚಿಯೊ ಏಕೆ ಸಮುರಾಯ್ ಆಗಲು ಹಾತೊರೆಯುತ್ತಾನೆ ಎಂಬುದಕ್ಕೆ ಇಷ್ಟು ಚರಿತ್ರೆ ಸಾಕು.

‘ಕಾಗೆಮುಶಾ’ (1980) 1575ರ ನಾಗಶಿನೊ ಕದನದಲ್ಲಿ ತಾಕೆದಾ ವಂಶದ ಅಶ್ವಸೇನೆ ಬಂದೂಕುಗಳ ಮುಂದೆ ಕುಸಿದ ಕಥೆ. ‘ರಾನ್’ (1985) ಕಲ್ಪಿತ ದೊರೆಯ ಕಥೆಯಾದರೂ, ಅದರಲ್ಲಿ ಕಾಣುವ ಹಿಮೇಜಿ ಮತ್ತು ಕುಮಾಮೊಟೊ ಕೋಟೆಗಳು ನಿಜವಾದವು. ಧಗಧಗ ಉರಿದುಹೋಗುವ ಕೋಟೆಯನ್ನು ಮಾತ್ರ ಫ್ಯೂಜಿ ಪರ್ವತದ ಇಳಿಜಾರಿನಲ್ಲಿ ಸುಡುವುದಕ್ಕೆಂದೇ ಕಟ್ಟಿದ್ದರು. ಕುರೊಸಾವಾ ನಂತರ ಈ ಯುಗಕ್ಕೆ ಹೊಸ ಪ್ರೇಕ್ಷಕರನ್ನು ತಂದದ್ದು 2024ರ ‘ಶೋಗುನ್’. ಒಂದೇ ಋತುವಿಗೆ ಹದಿನೆಂಟು ಎಮ್ಮಿ ಪ್ರಶಸ್ತಿ ಗಳಿಸಿ ದಾಖಲೆ ಬರೆದ ಈ ಮಾಲಿಕೆಯ ತೊರಾನಾಗ ಎಂದರೆ ತೊಕುಗಾವಾ ಇಯೆಯಸು. ಇಂಗ್ಲಿಷ್ ನಾವಿಕ ಬ್ಲ್ಯಾಕ್‌ಥಾರ್ನ್ ಎಂದರೆ 1600ರಲ್ಲಿ ಡಚ್ ಹಡಗಿನಲ್ಲಿ ಬಂದಿಳಿದ ವಿಲಿಯಂ ಆಡಮ್ಸ್. ಚಿತ್ರೀಕರಣ ನಡೆದದ್ದು ಕೆನಡಾದಲ್ಲಿ. ಆದ್ದರಿಂದ ಆ ಮಂಜು ಕವಿದ ಕಡಲತೀರವನ್ನು ಹುಡುಕಿಕೊಂಡು ಜಪಾನಿಗೆ ಹೋಗುವುದು ವ್ಯರ್ಥ. ಆಡಮ್ಸ್‌ನ ಸಮಾಧಿಯಿರುವ ಹಿರಾದೊ, ಇಯೆಯಸು ಗೆದ್ದ ಸೆಕಿಗಾಹಾರ ರಣಭೂಮಿ ಇವೆರಡನ್ನು ನೋಡಿದರೆ ಸಾರ್ಥಕ.

ಒಂದೊಂದು ದೇಶವನ್ನು ಅದರದೇ ತೆರೆಯಲ್ಲಿ ನೋಡುವವರೆಗೆ ಎಲ್ಲವೂ ಸುಗಮ. ಎರಡನ್ನೂ ಎದುರುಬದುರು ಇಟ್ಟಾಗ ಈ ಅಧ್ಯಯನದ ನಿಜವಾದ ರೋಮಾಂಚನ ಆರಂಭವಾಗುತ್ತದೆ.

ಹಿದೆಯೊಶಿಯನ್ನೇ ತೆಗೆದುಕೊಳ್ಳಬಹುದು. ರೈತನ ಮಗ, ಒಡೆಯ ನೊಬುನಾಗನ ಪಾದರಕ್ಷೆಗಳನ್ನು ಚಳಿಗಾಲದಲ್ಲಿ ಎದೆಗವಚಿ ಬೆಚ್ಚಗಿಟ್ಟನೆಂಬ ಐತಿಹ್ಯದ ಜಾಣ, ಛಿದ್ರವಾಗಿದ್ದ ದೇಶವನ್ನು ಒಂದುಗೂಡಿಸಿದ ಸಾಹಸಿ. 1965ರಲ್ಲೂ 1996ರಲ್ಲೂ ತೈಗಾದ ನಾಯಕನಾಗಿ ಜಪಾನೀಯರ ಮನ ಗೆದ್ದವನು. 2026ರ ಮಾಲಿಕೆ ಅವನ ತಮ್ಮ ಹಿದೆನಾಗನನ್ನು ಕೇಂದ್ರವಾಗಿಸಿಕೊಂಡಿದೆ. ಹಿದೆನಾಗ ಕಣ್ಮುಚ್ಚಿದ್ದು 1591ರಲ್ಲಿ. ಅಣ್ಣ ಕೊರಿಯಾದ ಮೇಲೆ ದಂಡೆತ್ತಿಹೋದದ್ದು ಮರುವರ್ಷ. ಕಥೆಗಾರರಿಗೆ ಕಾಲಪುರುಷನೇ ಒದಗಿಸಿಕೊಟ್ಟ ಅನುಕೂಲ ಎನ್ನಬೇಕು.

ಕೊರಿಯಾದ ತೆರೆಯಲ್ಲಿ ಅದೇ ಮನುಷ್ಯ ಪ್ರಳಯದ ಇನ್ನೊಂದು ಹೆಸರು. 1592ರಿಂದ 1598ರವರೆಗಿನ ಆ ಯುದ್ಧವನ್ನು ಅರಿಯಲು ನಿರ್ದೇಶಕ ಕಿಮ್ ಹಾನ್-ಮಿನ್ ಅವರ ಚಿತ್ರತ್ರಯಕ್ಕಿಂತ ಭವ್ಯವಾದ ಪ್ರವೇಶದ್ವಾರ ಬೇರೊಂದಿಲ್ಲ. ‘ದಿ ಅಡ್ಮಿರಲ್’ (2014), ‘ಹಾನ್‌ಸಾನ್’ (2022), ‘ನೊರ್‍ಯಾಂಗ್’ (2023) ಮೂರರಲ್ಲೂ ನಾಯಕ ನೌಕಾಧಿಪತಿ ಯಿ ಸುನ್-ಶಿನ್. ಪಾತ್ರಧಾರಿಗಳು ಮಾತ್ರ ಮೂವರು. ಮೊದಲನೆಯದನ್ನು ನೋಡಿದವರು 1.76 ಕೋಟಿ ಜನ. ಐದು ಕೋಟಿ ಜನಸಂಖ್ಯೆಯ ದೇಶದಲ್ಲಿ! ಕೊರಿಯಾದ ಚಿತ್ರೋದ್ಯಮದಲ್ಲಿ ಆ ಸಂಖ್ಯೆಯನ್ನು ಮೀರಿದ ಚಿತ್ರ ಇನ್ನೂ ಬಂದಿಲ್ಲ.

ಆ ಚಿತ್ರದ ವಸ್ತು 1597ರ ಮ್ಯೊಂಗ್ನ್ಯಾಂಗ್ ಕದನ. ಆಸ್ಥಾನದ ಒಳಸಂಚಿಗೆ ಬಲಿಯಾಗಿ ಪದವಿ ಕಳೆದುಕೊಂಡು, ಸೆರೆವಾಸ ಅನುಭವಿಸಿ, ಸಾಮಾನ್ಯ ಸೈನಿಕನ ದರ್ಜೆಗೆ ಇಳಿದಿದ್ದ ಯಿ ಸುನ್-ಶಿನ್‌ನನ್ನು, ನೌಕಾಪಡೆ ನುಚ್ಚುನೂರಾದ ಮೇಲೆ ದೊರೆ ಮರಳಿ ಕರೆಸಿದ. ಕೈಯಲ್ಲಿ ಉಳಿದದ್ದು ಹದಿಮೂರು ಹಡಗು. ಚಿತ್ರದ ಪ್ರಚಾರ ಎದುರಾಳಿಗಳ ಹಡಗುಗಳನ್ನು 330 ಎಂದು ಸಾರಿತು; ನೌಕಾಧಿಪತಿಯ ಸ್ವಂತ ದಿನಚರಿ ಹೇಳುವುದು ಸುಮಾರು 130. ಅಷ್ಟಾದರೂ ಒಂದಕ್ಕೆ ಹತ್ತು. ಚಿತ್ರರಂಗಕ್ಕೆ ಅದೂ ಸಾಲದಾಯಿತೇ ಎಂದು ಸೋಜಿಗವಾಗುತ್ತದೆ. ಗೆಲುವಿನ ರಹಸ್ಯವಿರುವುದು ಸ್ಥಳದಲ್ಲಿ: ಹೇನಾಮ್ ಮತ್ತು ಜಿಂದೊ ದ್ವೀಪದ ನಡುವಿನ ಉಲ್‌ದೊಲ್‌ಮೊಕ್ ಜಲಸಂಧಿಯಲ್ಲಿ ಭರತ-ಇಳಿತದ ಸೆಳೆತ ಅತಿ ಉಗ್ರ, ದಿಕ್ಕು ಬದಲಿಸುವುದೂ ಹಠಾತ್ತನೆ. ಇಕ್ಕಟ್ಟಿನಲ್ಲಿ ಸಿಕ್ಕ ದೊಡ್ಡ ನೌಕಾಪಡೆಗೆ ತನ್ನ ಸಂಖ್ಯೆಯೇ ಶತ್ರುವಾಯಿತು. ಇಂದು ಸೇತುವೆಯ ಬಳಿ ನಿಂತು ಕೆಳಗೆ ನೋಡಿದರೆ ಸುಳಿಗಳು ಸುತ್ತುವುದು ಬರಿಗಣ್ಣಿಗೆ ಕಾಣುತ್ತದೆ. ಮೊದಲೇ ಚಿತ್ರ ನೋಡಿದವನಿಗೆ ಅದು ರಣರಂಗ. ನೋಡದವನಿಗೆ ಒಂದು ಸೇತುವೆ, ಒಂದಿಷ್ಟು ನೀರು.

ಈ ಚಿತ್ರತ್ರಯದ ಬಳಿಕ ಜಪಾನಿನ ಸ್ಥಳಗಳ ಅರ್ಥವೂ ಬದಲಾಗುತ್ತದೆ. ಒಸಾಕಾದ ಬೆಳ್ಳನೆಯ ಕೋಟೆ ಹಿದೆಯೊಶಿಯ ವೈಭವದ ಸ್ಮಾರಕ (ಈಗಿರುವ ಗೋಪುರ 1931ರ ಕಾಂಕ್ರೀಟ್ ಕಟ್ಟಡ, ಒಳಗೆ ಲಿಫ್ಟ್ ಉಂಟು). ಕ್ಯೋಟೊದಲ್ಲಿ ಅವನನ್ನು ದೇವರಾಗಿ ಆರಾಧಿಸುವ ತೊಯೊಕುನಿ ಮಂದಿರದ ಸಮೀಪವೇ, ಪ್ರವಾಸಿ ಬಸ್ಸುಗಳು ಸಾಮಾನ್ಯವಾಗಿ ನಿಲ್ಲದ ಕಡೆ, ಹುಲ್ಲು ಹೊದ್ದ ಮಿಮಿಜುಕಾ ದಿಬ್ಬವಿದೆ. ಕೊರಿಯಾದಲ್ಲಿ ಕೊಂದವರ ಮೂಗುಗಳನ್ನು ಕೊಯ್ದು, ಲೆಕ್ಕ ಒಪ್ಪಿಸಲು ಉಪ್ಪು ಹಾಕಿ ತಂದು ಹೂಳಿದ ಜಾಗ ಅದು. ದಂಡಯಾತ್ರೆ ಹೊರಟ ಕ್ಯುಶು ದ್ವೀಪದ ಹಿಜೆನ್ ನಗೋಯಾ ಕೋಟೆಯ ಅವಶೇಷಗಳ ಪಕ್ಕದಲ್ಲಿ ಸಾಗಾ ಪ್ರಾಂತ್ಯದ ವಸ್ತುಸಂಗ್ರಹಾಲಯವಿದೆ. ಎರಡು ದೇಶಗಳ ಸಂಬಂಧದ ಇತಿಹಾಸವೇ ಅದರ ಮುಖ್ಯ ವಿಷಯ. ಅಲ್ಲಿಂದ ದೂರವಿಲ್ಲದ ಅರಿತಾ ಪಟ್ಟಣದ ಜಗತ್ಪ್ರಸಿದ್ಧ ಪಿಂಗಾಣಿಗೆ ನಾಂದಿ ಹಾಡಿದ್ದು ಆ ಯುದ್ಧಕಾಲದಲ್ಲಿ ಜಪಾನಿಗೆ ಒಯ್ದ ಕೊರಿಯನ್ ಕುಂಬಾರ ಯಿ ಸಾಮ್-ಪ್ಯೊಂಗ್.

ತೆರೆ ಕಲಿಸುವಷ್ಟೇ ಚೆನ್ನಾಗಿ ಮರುಳೂ ಮಾಡುತ್ತದೆ. ದಶಕಗಳ ಕಾಲ ಜನಪ್ರಿಯವಾಗಿದ್ದ ‘ಅಬಾರೆಂಬೊ ಶೋಗುನ್’ ಧಾರಾವಾಹಿಯಲ್ಲಿ ಹದಿನೆಂಟನೆಯ ಶತಮಾನದ ಶೋಗುನ್ ಯೊಶಿಮುನೆಯ ಎಡೊ ಕೋಟೆಯಾಗಿ ಕಾಣುವುದು ಹಿಮೇಜಿಯ ಶ್ವೇತಗೋಪುರ. ನಿಜವಾದ ಎಡೊ ಕೋಟೆಯ ಗೋಪುರ 1657ರಲ್ಲಿಯೇ ಬೆಂಕಿಗೆ ಆಹುತಿಯಾಯಿತು, ಮರಳಿ ಏಳಲಿಲ್ಲ. ಟೋಕಿಯೊದ ಚಕ್ರವರ್ತಿ ಅರಮನೆಯ ಪೂರ್ವೋದ್ಯಾನದಲ್ಲಿ ಇಂದು ಕಾಣುವುದು ಕಲ್ಲಿನ ಬೃಹತ್ ಪೀಠವಷ್ಟೇ. ಸಿಯೋಲ್‌ನಲ್ಲಿಯೂ ಇದೇ ಕಥೆ. 1395ರ ಗ್ಯೊಂಗ್‌ಬೊಕ್‌ಗುಂಗ್ ಅರಮನೆ 1592ರಲ್ಲಿ ಸುಟ್ಟುಹೋಗಿ, 1860ರ ದಶಕದಲ್ಲಿ ಪುನರ್ನಿರ್ಮಾಣ ಆಗುವವರೆಗೆ ಇನ್ನೂರೆಪ್ಪತ್ತು ವರ್ಷ ಹಾಳುಬಿದ್ದಿತ್ತು. ಆ ನಡುವಣ ದೊರೆಗಳು ರಾಜ್ಯಭಾರ ಮಾಡಿದ್ದು ಹೆಚ್ಚಾಗಿ ಚಾಂಗ್‌ದೊಕ್‌ಗುಂಗ್‌ನಿಂದ. ಬಾಡಿಗೆಯ ಹಾನ್‌ಬೊಕ್ ಉಟ್ಟು ಉಚಿತ ಪ್ರವೇಶ ಪಡೆದು ಗ್ಯೊಂಗ್‌ಬೊಕ್‌ಗುಂಗ್‌ನಲ್ಲಿ ಓಡಾಡುವವರಿಗೆ ಇದನ್ನು ಯಾರೂ ಹೇಳುವುದಿಲ್ಲ. ಹಾಲಿವುಡ್ಡಿನ ‘ದಿ ಲಾಸ್ಟ್ ಸಮುರಾಯ್’ ಬಗ್ಗೆ ಹೆಚ್ಚು ಹೇಳಬೇಕಿಲ್ಲ: ಅದರ ಕಥೆಗೆ ಪ್ರೇರಣೆಯಾದ, 1877ರಲ್ಲಿ ಬಂಡೆದ್ದ ಸೈಗೊ ತಕಾಮೊರಿಯ ಯೋಧರು ಚಿತ್ರದಲ್ಲಿದ್ದಂತೆ ಬರಿ ಕತ್ತಿ ನೆಚ್ಚಿದವರಲ್ಲ, ಅವರ ಬಳಿ ಬಂದೂಕುಗಳೂ ಇದ್ದವು, ಫಿರಂಗಿಗಳೂ ಇದ್ದವು. ಕೊರಿಯಾದ ಪ್ರೇಕ್ಷಕರಂತೂ ಇಂಥ ಸ್ವಾತಂತ್ರ್ಯವನ್ನು ಸಹಿಸುವವರಲ್ಲ. 2021ರಲ್ಲಿ ‘ಜೋಸೊನ್ ಎಕ್ಸಾರ್ಸಿಸ್ಟ್’ ಎಂಬ ದುಬಾರಿ ಧಾರಾವಾಹಿ ಇತಿಹಾಸವನ್ನು ತಿರುಚಿದೆಯೆಂಬ ಆಕ್ರೋಶಕ್ಕೆ ಮಣಿದು ಎರಡೇ ಕಂತಿಗೆ ನಿಂತುಹೋಯಿತು.

ಇತಿಹಾಸ, ಅಭಿನಯ, ಸ್ಥಳ ಮೂರೂ ಪರಸ್ಪರ ಪೂರಕವಾಗಿ ನಿಂತ ಅಪೂರ್ವ ಉದಾಹರಣೆ ಬೇಕೆಂದರೆ ‘ದಿ ಥ್ರೋನ್’ (2015). 1762ರ ಬೇಸಗೆಯಲ್ಲಿ ದೊರೆ ಯೊಂಗ್‌ಜೊ ತನ್ನ ಮಗ, ಯುವರಾಜ ಸಾದೊನನ್ನು ಅಕ್ಕಿ ತುಂಬುವ ಮರದ ಪೆಟ್ಟಿಗೆಯೊಳಗೆ ಹೊಗಿಸಿ ಮುಚ್ಚಳ ಹಾಕಿಸಿದ. ಎಂಟು ದಿನಗಳಲ್ಲಿ ಯುವರಾಜ ಪ್ರಾಣಬಿಟ್ಟ. ಮಗ ಹುಚ್ಚನೆ, ತಂದೆ ಕ್ರೂರಿಯೆ, ಆಸ್ಥಾನದ ಬಣಗಳ ಆಟವೆ ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ. ಸಾದೊನ ಪತ್ನಿ ಹ್ಯೆಗ್ಯೊಂಗ್ ವೃದ್ಧಾಪ್ಯದಲ್ಲಿ ಬರೆದಿಟ್ಟ ಸ್ಮೃತಿಗಳು ಆ ಕಾಲದ ರಾಣಿವಾಸದ ಒಳಗಿನಿಂದ ಬಂದ ದುರ್ಲಭ ಸ್ತ್ರೀಧ್ವನಿ. ಪರಿಪೂರ್ಣತೆಯ ಹುಚ್ಚಿನ ತಂದೆಯಾಗಿ ಸೊಂಗ್ ಕಾಂಗ್-ಹೊ ಅಭಿನಯ ಕಂಡವರು ಅದನ್ನು ಮರೆಯಲಾರರು. ಘಟನೆ ನಡೆದ ಚಾಂಗ್‌ಗ್ಯೊಂಗ್‌ಗುಂಗ್ ಸಿಯೋಲ್‌ನ ಅರಮನೆಗಳಲ್ಲಿ ಜನಜಂಗುಳಿ ಕಡಿಮೆಯಿರುವುದು. ಆ ಅಂಗಳವನ್ನು ಕಂಡು, ಅಲ್ಲಿಂದ ಸುವೊನ್‌ಗೆ ಹೋಗಬೇಕು.

ಏಕೆಂದರೆ ಕಥೆ ಮುಗಿಯುವುದು ಸುವೊನ್‌ನಲ್ಲಿ. ಅಪ್ಪನ ಸಾವಿನ ವೇಳೆಗೆ ಹತ್ತನೆಯ ವರ್ಷದಲ್ಲಿದ್ದ ಮಗ ಜೊಂಗ್‌ಜೊ 1776ರಲ್ಲಿ ಪಟ್ಟವೇರಿದ. ತಂದೆಯ ಸಮಾಧಿಯನ್ನು ಸುವೊನ್ ಸೀಮೆಗೆ ಸ್ಥಳಾಂತರಿಸಿ, ಅದರ ನೆಪದಲ್ಲೇ 1794-96ರಲ್ಲಿ ಹ್ವಾಸೊಂಗ್ ಕೋಟೆ ಕಟ್ಟಿಸಿದ. ಬಳಸಿದ ಕಲ್ಲು, ಇಟ್ಟಿಗೆ, ಕೂಲಿಯವರ ಹೆಸರು, ಕೊಟ್ಟ ಸಂಬಳ ಎಲ್ಲದರ ಸಚಿತ್ರ ದಾಖಲೆ ಮಾಡಿಸಿದ. ಕೊರಿಯಾ ಯುದ್ಧದಲ್ಲಿ ಜರ್ಜರಿತವಾದ ಕೋಟೆಯನ್ನು 1970ರ ದಶಕದಲ್ಲಿ ಆ ಗ್ರಂಥವನ್ನು ಮುಂದಿಟ್ಟುಕೊಂಡು ಯಥಾವತ್ ನಿಲ್ಲಿಸಿದರು. 1997ರಲ್ಲಿ ಅದು ವಿಶ್ವಪರಂಪರೆಯ ತಾಣವಾಯಿತು. ‘ಯಿ ಸಾನ್’ (2007), ‘ದಿ ರೆಡ್ ಸ್ಲೀವ್’ (2021) ಧಾರಾವಾಹಿಗಳ ನಾಯಕ ಈ ಜೊಂಗ್‌ಜೊನೇ; ಎರಡನೆಯದರಲ್ಲಿ ಪ್ರಣಯ ಹೆಚ್ಚು, ರಾಜಕೀಯ ಕಡಿಮೆ, ಮನೆಮಂದಿಯೆಲ್ಲ ಕೂತು ನೋಡಲು ಹಿತ.

ಜಪಾನ್ ಕೊರಿಯಾವನ್ನು ತನ್ನ ವಸಾಹತಾಗಿಸಿಕೊಂಡ ಇಪ್ಪತ್ತನೆಯ ಶತಮಾನಕ್ಕೆ ಬಂದಾಗ ಎರಡು ತೆರೆಗಳ ಅಂತರ ಇನ್ನಷ್ಟು ಹಿಗ್ಗುತ್ತದೆ. ಜಪಾನಿನ ಪ್ರಥಮ ಪ್ರಧಾನಿ ಇತೊ ಹಿರೊಬುಮಿಯ ಭಾವಚಿತ್ರ ಆ ದೇಶದ ಸಾವಿರ ಯೆನ್ ನೋಟಿನ ಮೇಲೆ ಎರಡು ದಶಕಗಳ ಕಾಲ ರಾರಾಜಿಸಿತ್ತು. 1909ರ ಅಕ್ಟೋಬರ್ 26ರಂದು ಹಾರ್ಬಿನ್ ರೈಲು ನಿಲ್ದಾಣದಲ್ಲಿ ಆತನನ್ನು ಗುಂಡಿಟ್ಟು ಕೊಂದ ಆನ್ ಜುಂಗ್-ಗುನ್ ಕೊರಿಯಾದಲ್ಲಿ ಪ್ರಾತಃಸ್ಮರಣೀಯ ಹುತಾತ್ಮ. ಸಿಯೋಲ್‌ನ ನಾಮ್‌ಸಾನ್ ಬೆಟ್ಟದಲ್ಲಿ ಆತನಿಗೆ ಸ್ಮಾರಕಭವನವಿದೆ. ‘ಹಾರ್ಬಿನ್’ (2024) ಚಿತ್ರದಲ್ಲಿ ಇತೊ ಪಾತ್ರವನ್ನು ಜಪಾನೀ ನಟ ಲಿಲಿ ಫ್ರಾಂಕಿ ವಹಿಸಿದ್ದಾರೆ, ಅದು ಸಣ್ಣ ಸಂಗತಿಯಲ್ಲ.

1923ರ ಕಾಂತೊ ಮಹಾಭೂಕಂಪವನ್ನು ಹಯಾವೊ ಮಿಯಾಜಾಕಿ ‘ದಿ ವಿಂಡ್ ರೈಸಸ್’ನಲ್ಲಿ ಅಮೋಘವಾಗಿ ಚಿತ್ರಿಸಿದ್ದಾರೆ: ನೆಲವೇ ಸಮುದ್ರದಂತೆ ಏಳುತ್ತದೆ. ಅದರ ಬೆನ್ನಿಗೇ, ಕೊರಿಯನ್ನರು ಬಾವಿಗೆ ವಿಷ ಹಾಕುತ್ತಿದ್ದಾರೆಂಬ ಗಾಳಿಮಾತು ಹಬ್ಬಿ ನಡೆದ ನರಮೇಧ ಅಲ್ಲಿ ಕಾಣದು. ಅದು ಕಾಣುವುದು ‘ಪಚಿಂಕೊ’ (2022) ಮಾಲಿಕೆಯಲ್ಲಿ. ಜಪಾನೀ ಚಿತ್ರರಂಗ ಮೌನವಾಗಿಯೇ ಉಳಿಯಿತೆನ್ನುವಂತೆಯೂ ಇಲ್ಲ. ತತ್ಸುಯಾ ಮೊರಿ ಅವರ ‘ಸೆಪ್ಟೆಂಬರ್ 1923’ (2023), ಅದೇ ಹುಚ್ಚಾಟದಲ್ಲಿ ಕೊರಿಯನ್ನರೆಂಬ ಗುಮಾನಿಗೆ ಸಿಕ್ಕಿ ಸತ್ತ ಜಪಾನೀ ಔಷಧ ವ್ಯಾಪಾರಿಗಳ ಸತ್ಯಕಥೆ. ಹಿರೊಶಿಮಾಕ್ಕೆ ಹೋಗುವ ಮುನ್ನ ನೋಡಲೇಬೇಕಾದ ‘ಇನ್ ದಿಸ್ ಕಾರ್ನರ್ ಆಫ್ ದಿ ವರ್ಲ್ಡ್’ (2016) ಅನಿಮೇಷನ್ ಚಿತ್ರದಲ್ಲಿ, ಚಕ್ರವರ್ತಿಯ ಶರಣಾಗತಿಯ ಬಾನುಲಿ ಭಾಷಣ ಮುಗಿದ ಮೇಲೆ ಕುರೆ ಪಟ್ಟಣದ ಮನೆಯೊಂದರ ಮೇಲೆ ಕೊರಿಯಾದ ಬಾವುಟ ಏರುವ ಒಂದು ಕ್ಷಣವಿದೆ. ಕಣ್ಣು ಮಿಟುಕಿಸಿದರೆ ತಪ್ಪಿಹೋಗುವಷ್ಟು ಚಿಕ್ಕದು. ಹಿರೊಶಿಮಾದ ಶಾಂತಿ ಉದ್ಯಾನದಲ್ಲಿ ಅಣುಬಾಂಬಿಗೆ ಬಲಿಯಾದ ಕೊರಿಯನ್ನರ ಸ್ಮಾರಕವೂ ಇದೆ. ಉದ್ಯಾನದ ಹೊರಗಿದ್ದ ಅದನ್ನು 1999ರಲ್ಲಿ ಒಳಕ್ಕೆ ತಂದರು.

ಸ್ವತಂತ್ರ ಕೊರಿಯಾದ ಕಥೆಗೆ ‘ಓಡ್ ಟು ಮೈ ಫಾದರ್’ (2014) ಮತ್ತು ‘ಎ ಟ್ಯಾಕ್ಸಿ ಡ್ರೈವರ್’ (2017) ಸಾಕು: ಮೊದಲನೆಯದು ಬುಸಾನ್‌ನ ಗುಕ್ಜೆ ಮಾರುಕಟ್ಟೆಯ ನಿರಾಶ್ರಿತರದು, ಎರಡನೆಯದು 1980ರ ಮೇ ತಿಂಗಳಲ್ಲಿ ಸೇನೆ ಸುತ್ತುವರಿದ ಗ್ವಾಂಗ್ಜು ನಗರಕ್ಕೆ ಜರ್ಮನ್ ಪತ್ರಕರ್ತನನ್ನು ಕರೆದೊಯ್ದ ಚಾಲಕನದು. 1979ರ ಸೇನಾದಂಗೆಯನ್ನು ಕುರಿತ ‘12.12: ದಿ ಡೇ’ 2023ರ ನವೆಂಬರಿನಲ್ಲಿ ತೆರೆಕಂಡು 1.3 ಕೋಟಿ ಪ್ರೇಕ್ಷಕರನ್ನು ಸೆಳೆಯಿತು. ವರ್ಷ ಕಳೆದ ಬೆನ್ನಿಗೇ, 2024ರ ಡಿಸೆಂಬರ್ 3ರ ರಾತ್ರಿ ಸಿಯೋಲ್‌ನಲ್ಲಿ ಸೇನಾಡಳಿತ ಘೋಷಣೆಯಾಯಿತು. ಸಂಸತ್ತು ಕೆಲವೇ ಗಂಟೆಗಳಲ್ಲಿ ಅದನ್ನು ತಿರಸ್ಕರಿಸಿತು. ಇತಿಹಾಸದ ಚಿತ್ರಗಳನ್ನು ಆ ಜನ ಏಕೆ ಅಷ್ಟು ಗಂಭೀರವಾಗಿ ತೆಗೆದುಕೊಳ್ಳುತ್ತಾರೆಂಬ ಪ್ರಶ್ನೆಯನ್ನು ಅಂದಿನಿಂದ ಯಾರೂ ಕೇಳಿದಂತಿಲ್ಲ.

ಎರಡೂ ದೇಶಗಳನ್ನು ಒಂದೇ ಪ್ರವಾಸದಲ್ಲಿ ಕಾಣಬಯಸುವ ಕುಟುಂಬಕ್ಕೆ ವಿಮಾನಕ್ಕಿಂತ ಹಡಗು ಲೇಸು. ಫುಕುವೊಕಾದ ಹಕಾತಾ ಬಂದರಿನಿಂದ ಬುಸಾನ್‌ಗೆ ನೌಕಾಸಂಚಾರವಿದೆ. ನಡುವೆ ಸಿಗುವ ತ್ಸುಶಿಮಾ ದ್ವೀಪದಿಂದ ಬುಸಾನ್ ಕೇವಲ ಐವತ್ತು ಕಿಲೋಮೀಟರ್. ಹಿದೆಯೊಶಿಯ ದಂಡು ದಾಟಿದ್ದು ಈ ನೀರನ್ನೇ. ‘ಪಚಿಂಕೊ’ದ ಸುಂಜಾ ಬುಸಾನ್‌ನ ಯೊಂಗ್ದೊದಿಂದ ಒಸಾಕಾಕ್ಕೆ ಹೊರಡುವುದೂ ಇದರ ಮೇಲೆಯೇ. ಹಿದೆಯೊಶಿಯ ಯುದ್ಧ ಮುಗಿದ ಕೆಲವೇ ವರ್ಷಗಳಲ್ಲಿ, ಅವನ ನಂತರ ಅಧಿಕಾರಕ್ಕೆ ಬಂದ ಇಯೆಯಸು ಸಂಧಾನಕ್ಕೆ ಕೈಚಾಚಿದ. 1607ರಿಂದ 1811ರವರೆಗೆ ಕೊರಿಯಾದ ರಾಯಭಾರಿ ನಿಯೋಗ ವಿದ್ವಾಂಸರು, ಚಿತ್ರಕಾರರು, ವಾದ್ಯಗಾರರೊಡನೆ ಹನ್ನೆರಡು ಬಾರಿ ಇದೇ ಹಾದಿಯಲ್ಲಿ ಜಪಾನಿಗೆ ಬಂದಿತು. ಆ ರಾಯಭಾರದ ಕಾಗದಪತ್ರ, ಚಿತ್ರಪಟಗಳನ್ನು ಎರಡೂ ದೇಶಗಳ ನಾಗರಿಕ ಸಂಸ್ಥೆಗಳು ಕೂಡಿ ಯುನೆಸ್ಕೊ ಮುಂದೆ ಇರಿಸಿದವು, 2017ರಲ್ಲಿ ಮಾನ್ಯತೆ ದೊರೆಯಿತು. ಬುಸಾನ್‌ನಲ್ಲಿ ಪ್ರತಿ ವಸಂತದಲ್ಲೂ ಆ ಮೆರವಣಿಗೆಯನ್ನು ವೇಷಭೂಷಣ ಸಹಿತ ಮತ್ತೆ ಹೊರಡಿಸುತ್ತಾರೆ. ಆ ದಿನಗಳಿಗೆ ಹೊಂದುವಂತೆ ಟಿಕೆಟ್ ತೆಗೆಸಿದರೆ ಅದೂ ಕಾಣಸಿಗುತ್ತದೆ.